ಕರೆಂಟ್ ಬಂತು, ರೌಟರ್ ಇನ್ನೂ ಏಳ್ಲಿಲ್ಲ

ಮಳೆಗಾಲದಲ್ಲಿ ನಮ್ಮ ಕದ್ರಿ ಬದಿಯಲ್ಲಿ ಕರೆಂಟ್ ಹೋಗುದು ಬರುದು ಇದ್ದದ್ದೇ. ಮನೆಯಲ್ಲಿ ಡೆಬಿಯನ್ (ಒಂದು ಬಗೆಯ ಲಿನಕ್ಸ್) ಹಾಕಿದ ಹಳೇ ಮಿನಿ ಪಿಸಿ ಒಂದುಂಟು, ಕರೆಂಟ್ ಬಂದ ಕೂಡ್ಲೇ ತನ್ನಷ್ಟಕ್ಕೇ ಆನ್ ಆಗುವ ಹಾಗೆ ಬಯೋಸಲ್ಲಿ ಸೆಟ್ ಮಾಡಿಟ್ಟದ್ದು, ಅಮ್ಮ ತೆಗ್ದ ಫೋಟೋಗಳನ್ನ ಬೆಂಗಳೂರಲ್ಲಿರುವ ಅಕ್ಕನ ಮನೆಯ ಡಿಸ್ಕಿಗೆ ಕಳ್ಸುವ ಸ್ಕ್ರಿಪ್ಟ್ ಅದ್ರಲ್ಲಿ ಸರ್ವಿಸಾಗಿ, ಅಂದ್ರೆ ಹಿಂದೆ ತನ್ನಷ್ಟಕ್ಕೇ, ಓಡ್ತದೆ. ಓಡ್ಬೇಕು. ಅಕ್ಕ ಫೋನ್ ಮಾಡಿ "ಎಂತ ಮಾರಾಯ, ಒಂದು ವಾರದಿಂದ ಒಂದು ಫೋಟೋ ಇಲ್ಲ" ಹೇಳಿದಾಗ್ಲೇ ನಂಗೆ ಗೊತ್ತಾದದ್ದು.

ಕೈಯಲ್ಲಿ ಸ್ಟಾರ್ಟ್ ಕೊಟ್ರೆ ಚಂದ ಓಡ್ತದೆ, ಬೂಟ್ ಆಗುವಾಗ ಮಾತ್ರ ಸಾಯ್ತದೆ. ಜರ್ನಲ್‌ಸಿಟಿಎಲ್ ಕಮಾಂಡಲ್ಲಿ ಲಾಗ್ ತೆಗ್ದು ನೋಡಿದ್ರೆ 'ಟೆಂಪರರಿ ಫೈಲ್ಯೂರ್ ಇನ್ ನೇಮ್ ರೆಸಲ್ಯೂಶನ್', ಅಂದ್ರೆ ನೆಟ್ಟೇ ಇಲ್ಲ.

ಬೂಟ್ ಆಗುವಾಗ ಸರ್ವಿಸುಗಳನ್ನ ಎಬ್ಬಿಸುದು ಸಿಸ್ಟಮ್‌ಡಿ. ಯಾವುದನ್ನ ಯಾವಾಗ ಎಬ್ಬಿಸ್ಬೇಕು ಅಂತ ಅದಕ್ಕೆ ಹೇಳುವ ಯೂನಿಟ್ ಫೈಲಲ್ಲಿ ಆಫ್ಟರ್ ನೆಟ್‌ವರ್ಕ್ ಡಾಟ್ ಟಾರ್ಗೆಟ್ ಅಂತ ಬರ್ದಿದ್ದೆ. ಟಾರ್ಗೆಟ್ ಅಂದ್ರೆ ಬೂಟಿನ ಒಂದು ಹಂತ. ಹೆಸರು ನೋಡಿ ಮೋಸ ಹೋದದ್ದು, ಅದು ನೆಟ್‌ವರ್ಕ್ ನೋಡಿಕೊಳ್ಳುವ ಸಾಫ್ಟ್‌ವೇರ್ ಶುರುವಾಯ್ತು ಅಂತ ಹೇಳ್ತದೆ ಅಷ್ಟೆ, ಪಿಸಿಗೆ ಐಪಿ (ನೆಟ್‌ವರ್ಕ್ ವಿಳಾಸ) ಸಿಕ್ಕಿತು ಅಂತಲ್ಲ. ಬೇಕಾದದ್ದು ನೆಟ್‌ವರ್ಕ್-ಆನ್‌ಲೈನ್ ಡಾಟ್ ಟಾರ್ಗೆಟ್. ಅದನ್ನೂ ಬರೀ ಆಫ್ಟರಲ್ಲಿ ಹಾಕಿದ್ರೆ ಸಾಕಾಗುದಿಲ್ಲ, ಆಫ್ಟರ್ ಅಂದ್ರೆ ಸಾಲಲ್ಲಿ ಯಾರ ಹಿಂದೆ ನಿಲ್ಲುದು ಅಂತ ಮಾತ್ರ, ಆ ಟಾರ್ಗೆಟನ್ನ ಕರ್ದು ತರ್ಲಿಕ್ಕೆ ವಾಂಟ್ಸ್ ಸಾಲೂ ಬೇಕು.

ಎರಡೂ ಹಾಕಿ ರೀಬೂಟ್ ಮಾಡಿದೆ, ಓಡ್ತು, ಖುಷಿಯಲ್ಲಿ ಚಾ ಕುಡ್ದೆ. ರಾತ್ರಿ ಗುಡುಗು ಬಂದು ಕರೆಂಟ್ ಹೋಗಿ ಬಂತು ನೋಡಿ, ಪುನಃ ಅದೇ ಕಥೆ!

ಹಗಲು ಟೆಸ್ಟ್ ಮಾಡುವಾಗ ರೌಟರ್ ಆನಲ್ಲೇ ಇತ್ತು, ರಾತ್ರಿ ಅದೂ ಪಿಸಿ ಜೊತೆಗೇ ಎದ್ದದ್ದು. ಪಿಸಿಗೆ ಅರ್ಧ ನಿಮಿಷ ಸಾಕು, ನಮ್ಮ ರೌಟರಿಗೆ ಫೈಬರ್ ಸಿಗ್ನಲ್ ಹಿಡ್ದು ನೆಟ್ ಕೊಡ್ಲಿಕ್ಕೆ 3 ನಿಮಿಷ. ನಮ್ಮ ಪಿಸಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಸಾಫ್ಟ್‌ವೇರ್ ನೆಟ್‌ವರ್ಕ್ ಮ್ಯಾನೇಜರ್, ಅದು ಕಾಯುದು 60 ಸೆಕೆಂಡ್, ಆಮೇಲೆ ಕೈಚೆಲ್ಲಿ ನಮ್ಮ ಸರ್ವಿಸನ್ನ ಮುಂದೆ ಬಿಡ್ತದೆ. ಸತ್ರೆ ಪುನಃ ಎಬ್ಬಿಸು ಅಂತ ರೀಸ್ಟಾರ್ಟ್ ಆನ್-ಫೈಲ್ಯೂರ್ ಹಾಕಿದ್ದೆ ಮಾರ್ರೆ, ಆದ್ರೆ ಸಿಸ್ಟಮ್‌ಡಿ ಸುಮ್ಮನೆ ಬಿಟ್ರೆ 100 ಮಿಲಿಸೆಕೆಂಡಿಗೊಮ್ಮೆ ಎಬ್ಬಿಸ್ತದೆ, 10 ಸೆಕೆಂಡಲ್ಲಿ 5 ಸಲ ಆದ್ರೆ ಇನ್ನು ನನ್ನಿಂದಾಗುದಿಲ್ಲ ಅಂತ ಬಿಟ್ಟುಬಿಡ್ತದೆ. ರೌಟರಿನ ಲೈಟ್ ಇನ್ನೂ ಕೆಂಪಿರುವಾಗ್ಲೇ ಎಲ್ಲ ಮುಗ್ದಿರ್ತದೆ.

ಪುನಃ ಎಬ್ಬಿಸುವ ಮೊದ್ಲು ಕಾಯುವ ಹೊತ್ತು, ಅಂದ್ರೆ ರೀಸ್ಟಾರ್ಟ್‌ಸೆಕ್, 30 ಸೆಕೆಂಡ್ ಮಾಡಿದೆ. ಅಷ್ಟು ಬಿಡುವು ಇದ್ರೆ ಆ 5ರ ಲೆಕ್ಕ ತುಂಬುದೇ ಇಲ್ಲ, ನೆಟ್ ಬರುವವರೆಗೆ ಪ್ರಯತ್ನ ಮಾಡ್ತಾ ಇರ್ತದೆ. ಈ ಸಲ ರೌಟರ್, ಪಿಸಿ ಎರಡರ ಪ್ಲಗ್ಗೂ ಕಿತ್ತು ಹಾಕಿಯೇ ಟೆಸ್ಟ್ ಮಾಡಿದ್ದು.

ಬೆಳಿಗ್ಗೆ ಅಕ್ಕನ ಮೆಸೇಜ್: "ಪತ್ರೊಡೆಯದ್ದೇ 40 ಫೋಟೋ ಬಂತು, ಸ್ವಲ್ಪ ನಿಲ್ಸು."