ಹೀಟರ್ ತಣ್ಣಗೆ ಊದಿದರೆ ಡ್ಯಾಶ್‌ಬೋರ್ಡ್ ಬಿಚ್ಚುವ ಮುಂಚೆ

ಡಿಸೆಂಬರ್ ಬಂತೆಂದರೆ ಚಿಕ್ಕಮಗಳೂರಿನ ನಮ್ಮ ಗ್ಯಾರೇಜಿಗೆ ಈ ದೂರು ಬರತೊಡಗುತ್ತದೆ: "ಹೀಟರ್ ಹಾಕಿದ್ರೂ ತಣ್ಣನೆ ಗಾಳಿನೇ ಬರ್ತಿದೆ, ಗ್ಯಾಸ್ ಖಾಲಿ ಆಗಿದ್ಯಾ ನೋಡಿ." ಕಾಫಿ ಕೊಯ್ಲಿನ ಕಾಲ. ಆಲ್ದೂರು, ಮೂಡಿಗೆರೆ ಕಡೆಯ ತೋಟಗಳಿಂದ ಮಂಜಿನಲ್ಲೇ ಹೊರಡುವವರು ಉಳಿದ ತಿಂಗಳುಗಳಲ್ಲಿ ಮುಟ್ಟದಿದ್ದ ಆ ನಾಬನ್ನು ಆಗ ತಿರುಗಿಸುತ್ತಾರೆ.

ಗ್ಯಾಸಿಗೂ ಇದಕ್ಕೂ ಸಂಬಂಧವಿಲ್ಲ. ಗ್ಯಾಸ್ ಬೇಕಿರುವುದು ಎಸಿಗೆ. ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಹೀಟರಿನ ಬಿಸಿ ಎಂಜಿನ್ನಿನದು. ಎಂಜಿನ್ನನ್ನು ತಣ್ಣಗಿಡಲು ಅದರೊಳಗೆ ಹರಿಯುವ ದ್ರವವೇ ಕೂಲೆಂಟ್. ಎಂಜಿನ್ನಿನಲ್ಲಿ ಕಾದ ಅದರ ಒಂದು ಪಾಲು ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ, ಅಂದರೆ ಹೀಟರ್ ಕೋರಿಗೆ ಹೋಗಿ ಬರುತ್ತದೆ. ಬ್ಲೋವರ್ ಅದರ ಮೂಲಕ ಗಾಳಿ ಊದುತ್ತದೆ, ಅಷ್ಟೇ. ಹಾಗಾಗಿ ಹೀಟರ್ ತಣ್ಣಗಿದೆ ಎಂದರೆ ನಾನು ಮೊದಲು ಯೋಚಿಸುವುದು ಎಂಜಿನ್ ಬಗ್ಗೆ.

ಬಾನೆಟ್ ಎತ್ತುವ ಮುಂಚೆ ಒಂದು ಮಾತು ಕೇಳುತ್ತೇನೆ: ಯಾವಾಗ ತಣ್ಣಗಾಗುತ್ತೆ? ಓಡುವಾಗ ಬಿಸಿ ಬಂದು, ನಿಂತಾಗ ತಣ್ಣಗಾದರೆ ಕೂಲೆಂಟ್ ಕಡಿಮೆಯಾಗಿರಬಹುದು, ಲೈನಿನಲ್ಲಿ ಗಾಳಿ ಸಿಕ್ಕಿರಬಹುದು, ಇಲ್ಲವೇ ವಾಟರ್ ಪಂಪ್ ಸೋತಿರಬಹುದು. ನಿಂತಾಗ ಬಿಸಿ ಇದ್ದು, ಮುಳ್ಳಯ್ಯನಗಿರಿಯಿಂದ ಇಳಿಯುವಾಗ ತಣ್ಣಗಾಗಿ ಟೆಂಪರೇಚರ್ ಮುಳ್ಳೂ ಕೆಳಗಿಳಿದರೆ ಅನುಮಾನವೆಲ್ಲ ಥರ್ಮೋಸ್ಟಾಟ್ ಮೇಲೆ, ಅಂದರೆ ಎಂಜಿನ್ ಕಾಯುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಪುಟ್ಟ ಬಾಗಿಲಿನ ಮೇಲೆ. ಎಡಬಲದಲ್ಲಿ ಒಂದೇ ಕಡೆ ತಣ್ಣಗಿದ್ದರೆ, ಅಥವಾ ನಾಬ್ ತಿರುಗಿಸಿದರೂ ಏನೂ ಬದಲಾಗದಿದ್ದರೆ, ಬಿಸಿ ಗಾಳಿ, ತಣ್ಣನೆ ಗಾಳಿ ಬೆರೆಸುವ ಒಳಗಿನ ಬಾಗಿಲು, ಅಂದರೆ ಬ್ಲೆಂಡ್ ಡೋರ್, ಅಥವಾ ಅದರ ಕೇಬಲ್ ನೋಡಬೇಕು.

ಆಮೇಲೆ ಎಂಜಿನ್ ತಣ್ಣಗಿರುವಾಗಲೇ ಕೂಲೆಂಟ್ ಮಟ್ಟ. ಬಿಸಿ ಎಂಜಿನ್ನಿನ ರೇಡಿಯೇಟರ್ ಕ್ಯಾಪ್ ಯಾರೂ ತೆರೆಯಬೇಡಿ, ಒತ್ತಡದಲ್ಲಿರುವ ಆ ನೀರು ಮುಖಕ್ಕೇ ಚಿಮ್ಮುತ್ತದೆ. ಕೂಲೆಂಟ್ ಕಡಿಮೆ ಇದ್ದಾಗ "ಮುಳ್ಳು ಸರಿಯಾಗೇ ಇದೆಯಲ್ಲ" ಎಂದು ವಾದಿಸುವವರಿದ್ದಾರೆ. ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿರದಿದ್ದರೆ ಅದು ತೋರಿಸುವುದನ್ನು ನಂಬುವಂತಿಲ್ಲ. ಅಂಥ ಹೊತ್ತಿನಲ್ಲಿ ಹೀಟರಿನ ತಣ್ಣನೆ ಗಾಳಿಯೇ ಮೊದಲ ಎಚ್ಚರಿಕೆ. ಎಲ್ಲೂ ಸೋರದೆ ಕೂಲೆಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲು) ಪರೀಕ್ಷಿಸದೆ ಗಾಡಿ ಬಿಡುವುದಿಲ್ಲ.

ಮಟ್ಟ ಸರಿಯಿದ್ದರೆ ಎಂಜಿನ್ ಬಿಸಿ ಮಾಡಿ, ನಾಬನ್ನು ಪೂರ್ತಿ ಬಿಸಿಗೆ ತಿರುಗಿಸಿ, ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ) ಒಳಗೆ ಹೋಗುವ ಎರಡು ಹೋಸ್‌ಗಳನ್ನು ಮುಟ್ಟುತ್ತೇನೆ, ಬೆಲ್ಟು, ಫ್ಯಾನುಗಳಿಂದ ಕೈ ದೂರವಿಟ್ಟುಕೊಂಡು. ಎರಡೂ ಬಿಸಿ ಇದ್ದರೆ ಕೋರಿಗೆ ಬಿಸಿ ತಲುಪಿದೆ, ತೊಂದರೆ ಗಾಳಿಯ ದಾರಿಯಲ್ಲಿ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿದೆ, ಅಥವಾ ಹೀಟರ್ ವಾಲ್ವ್ ಇರುವ ಗಾಡಿಯಲ್ಲಿ ಅದು ಮುಚ್ಚಿ ಹಿಡಿದುಕೊಂಡಿದೆ. ಎರಡೂ ತಣ್ಣಗಿದ್ದರೆ ಬಿಸಿ ಕೂಲೆಂಟ್ ಅಲ್ಲಿಯವರೆಗೆ ಬಂದೇ ಇಲ್ಲ. ಡ್ಯಾಶ್‌ಬೋರ್ಡ್ ಬಿಚ್ಚುವುದು ದೊಡ್ಡ ಕೆಲಸ, ಗಿರಾಕಿಗೆ ದೊಡ್ಡ ಖರ್ಚು. ಕೈಗೆ ತಿಳಿಯುವ ಈ ವ್ಯತ್ಯಾಸ ನೋಡದೆ ಅದಕ್ಕೆ ಕೈ ಹಾಕುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಹಳೆಯ ಗಾಡಿಗಳಲ್ಲಿ ನನಗೆ ಬೇಸರ ತರಿಸುವುದು ಬೇರೆ. ಯಾವಾಗಲೋ ಘಾಟಿ ಹತ್ತುವಾಗ ಎಂಜಿನ್ ಕಾದಿರುತ್ತದೆ, ಯಾರೋ ಥರ್ಮೋಸ್ಟಾಟ್ ಕಿತ್ತೆಸೆದು "ಇನ್ನು ಹೀಟ್ ಆಗಲ್ಲ" ಎಂದು ಕಳಿಸಿರುತ್ತಾರೆ. ಥರ್ಮೋಸ್ಟಾಟ್ ಇರುವುದೇ ಎಂಜಿನ್ ಬೇಗ ಕಾಯಲಿ, ಕಾದ ಮೇಲೆ ಆ ಮಟ್ಟದಲ್ಲೇ ಉಳಿಯಲಿ ಎಂದು. ಅದರೊಳಗಿನ ಮೇಣ ಕರಗಿ ಹಿಗ್ಗಿ, ಬಹಳಷ್ಟು ಗಾಡಿಗಳಲ್ಲಿ 82 ರಿಂದ 88 ಡಿಗ್ರಿ ಹೊತ್ತಿಗೆ ಬಾಗಿಲು ತೆರೆಯುತ್ತದೆ. ಅದಿಲ್ಲದಿದ್ದರೆ ಚಳಿಯ ಬೆಳಿಗ್ಗೆ ಕೂಲೆಂಟ್ ಕಾಯುವ ಮೊದಲೇ ರೇಡಿಯೇಟರಿನಲ್ಲಿ ತಣ್ಣಗಾಗಿಬಿಡುತ್ತದೆ. ಹೀಟರ್ ಸಾಯುವುದು ಅದರಲ್ಲಿ ಚಿಕ್ಕ ನಷ್ಟ. ತಣ್ಣಗೇ ಓಡುವ ಎಂಜಿನ್ ಹೆಚ್ಚು ಇಂಧನ ಕುಡಿಯುತ್ತದೆ, ಆಯಿಲಿನಲ್ಲಿ ಸೇರಿದ ನೀರಿನಂಶ ಆರುವುದಿಲ್ಲ, ಸವೆತ ಹೆಚ್ಚುತ್ತದೆ. ತೆಗೆದ ಥರ್ಮೋಸ್ಟಾಟ್ ಕೆಟ್ಟಿದೆಯೇ ಎಂದು ತಿಳಿಯಲು ಒಂದು ಪಾತ್ರೆ ನೀರು, ಒಂದು ಥರ್ಮಾಮೀಟರ್ ಸಾಕು: ಕಾಯಿಸಿ, ಅದರ ಮೇಲೆ ಒತ್ತಿರುವ ಡಿಗ್ರಿ ಹೊತ್ತಿಗೆ ತೆರೆಯುತ್ತದೆಯೇ, ತಣಿದಾಗ ಮುಚ್ಚುತ್ತದೆಯೇ ನೋಡಿ.

ಇನ್ನೊಂದು, ಸೋರುವ ಹೀಟರ್ ಕೋರನ್ನು ಬಿಟ್ಟು ಎರಡು ಹೋಸ್‌ಗಳನ್ನು ಪರಸ್ಪರ ಜೋಡಿಸಿಬಿಡುವುದು. ದಾರಿಯಲ್ಲಿ ಕೆಟ್ಟು ನಿಂತಾಗ ಮನೆ ಸೇರಲು ಸರಿ. ಅದನ್ನೇ ಉಳಿಸಿ, ಗಾಡಿ ಮಾರುವಾಗಲೂ ಹೇಳದಿದ್ದರೆ, ಕೊಂಡವರು ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಮಬ್ಬಾದ ಗಾಜು ಒರೆಸುತ್ತಾ ಕೂರಬೇಕು. ಎಸಿ ತೇವ ಹೀರುತ್ತದೆ, ಹೀಟರ್ ಗಾಳಿಯನ್ನು ಬೆಚ್ಚಗಾಗಿಸುತ್ತದೆ, ಎರಡೂ ಒಟ್ಟಿಗಿದ್ದರೇ ಗಾಜು ಬೇಗ ತಿಳಿಯಾಗುವುದು.

ಕೋರ್ ಕಟ್ಟಿಕೊಳ್ಳಲು ನಮ್ಮಲ್ಲಿ ಮುಖ್ಯ ಕಾರಣ ಕೂಲೆಂಟ್ ಬದಲು ವರ್ಷಗಟ್ಟಲೆ ಬಾವಿ ನೀರು, ನಲ್ಲಿ ನೀರು ಸುರಿಯುವುದು. ತುಕ್ಕು, ಕೆಸರು ಅದರ ಸಣ್ಣ ಕೊಳವೆಗಳಲ್ಲಿ ಕೂರುತ್ತವೆ. ಸೋರಿಕೆ ನಿಲ್ಲಿಸುವ ಪುಡಿಗಳೂ ಅಲ್ಲೇ ಹೋಗಿ ಅಂಟುತ್ತವೆ. ಹೋಸ್ ಕಳಚಿ, ಕಡಿಮೆ ಒತ್ತಡದಲ್ಲಿ ನೀರನ್ನು ಹಿಮ್ಮುಖವಾಗಿ ಹರಿಸಿದರೆ ಎಷ್ಟೋ ಕೋರ್‌ಗಳು ಬದುಕಿಕೊಳ್ಳುತ್ತವೆ. ಜೋರು ಒತ್ತಡ ಕೊಟ್ಟರೆ ಹಳೆಯ ಕೋರ್ ಒಡೆದುಹೋಗುತ್ತದೆ.

ಕೆಲಸ ಮುಗಿದ ಮೇಲೆ ಗಾಡಿಯ ಮೂತಿ ಮೇಲಿರುವಂತೆ ಏರಿನಲ್ಲಿ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಕಂಪನಿ ಹೇಳಿದ ಕೂಲೆಂಟನ್ನೇ ನಿಧಾನವಾಗಿ ತುಂಬಿಸಿ ಗಾಳಿ ತೆಗೆಯುತ್ತೇವೆ. ಗಿರಾಕಿಗೆ ಅವಸರವಿದ್ದರೂ ರಾತ್ರಿ ಗಾಡಿ ಬಿಟ್ಟುಹೋಗಿ ಎನ್ನುತ್ತೇನೆ, ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ಇನ್ನೊಮ್ಮೆ ನೋಡಿದ ಮೇಲೆಯೇ ಕೀಲಿ ಕೊಡುವುದು.