ಎಷ್ಟು ಮನೆ?

ಸಂಜೆ ಜಗುಲಿಯಲ್ಲಿ ಅಪ್ಪಯ್ಯ ಚಾಲಿ (ಒಣಗಿಸಿ ಸುಲಿದ ಅಡಿಕೆ) ಆರಿಸ್ತಾ ಕೂತಿದ್ದ. ಪಕ್ಕದಲ್ಲಿ ನಾನು, ಲ್ಯಾಪ್‌ಟಾಪು, ಆರನೇ ಸಲ ತಿದ್ದಿದ ಪ್ರಬಂಧ.

ಅಮೆರಿಕದ ಸ್ಟ್ಯಾನ್‌ಫರ್ಡ್ ಎಂಬಿಎ ಅರ್ಜಿಯಲ್ಲಿ ಕೇಳೋ ಪ್ರಶ್ನೆ ನೋಡೋಕೆ ಸಣ್ಣದು. ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಏನು, ಯಾಕೆ?

ಬರೆದದ್ದನ್ನ ಕನ್ನಡ ಮಾಡಿ ಓದಿದೆ. 'ರೈತರ ಬದುಕಲ್ಲಿ ಬದಲಾವಣೆ ತಂದೆ...'

"ಎಷ್ಟು ಮನೆ?" ತಲೆ ಎತ್ತದೇ ಕೇಳಿದ.

"14."

"ಹಂಗಾರೆ 14 ಅಂತ ಬರಿ."

ಒಂದು ಬಿಳಿಗೋಟು, ಅಂದ್ರೆ ಕಡಿಮೆ ದರ್ಜೆಯ ಅಡಿಕೆ, ಹೆಕ್ಕಿ ಆಚೆ ಬುಟ್ಟಿಗೆ ಎಸೆದ. ನನ್ನ 'ನಾಯಕತ್ವ', 'ದೂರದೃಷ್ಟಿ' ಎರಡೂ ಅದರ ಹಿಂದೆಯೇ ಹೋದವು. ಉಳಿದದ್ದು ಇಷ್ಟು: 14 ಮನೆಯ ಅಡಿಕೆ ಒಂದೇ ಪಿಕಪ್‌ನಲ್ಲಿ ಶಿರಸಿ ಮಾರುಕಟ್ಟೆ ಯಾರ್ಡಿಗೆ, ಬಾಡಿಗೆ ಹಂಚಿಕೆ, ಮೊದಲ ವಾರ ಎರಡು ಚೀಲ ಅದಲುಬದಲಾಗಿ ನಾನು ತಿಂದ ಬೈಗುಳ. (ಬೈಗುಳ ಬಿಡೋಣ ಅಂತಿದ್ದೆ. ಜೀವ ಇರೋದೇ ಅಲ್ಲಿ.)

ಜಿಮ್ಯಾಟೋ ಜಿಆರ್‌ಇಯೋ, ಪ್ರವೇಶ ಪರೀಕ್ಷೆಯ ಅಂಕ ಅರ್ಜಿ ಹಾಕೋರೆಲ್ಲರ ಹತ್ರಾನೂ ಇರತ್ತೆ ಬಿಡಿ.

ಅಲ್ಲಿ ಭಾರತೀಯರಿಗೆ ಅಂತಲೇ ಇರೋ ರಿಲಯನ್ಸ್ ಧೀರೂಭಾಯಿ ಫೆಲೋಶಿಪ್ಪಿನ (ಓದಿನ ಶುಲ್ಕಕ್ಕೆ ಸಿಗೋ ನೆರವು) ಷರತ್ತೂ ಅಪ್ಪಯ್ಯಂಗೆ ಹೇಳಿದೆ. ಓದು ಮುಗಿಸಿ ಎರಡು ವರ್ಷದೊಳಗೆ ದೇಶಕ್ಕೆ ವಾಪಸ್ ಬರಬೇಕು, ಕನಿಷ್ಠ ಎರಡು ವರ್ಷ ಇಲ್ಲೇ ಇರಬೇಕು.

ಆಗ ತಲೆ ಎತ್ತಿದ.

"ಯಾವ ತಿಂಗಳು ಬರದು? ಅಡಿಕೆ ಕೊನೆಕೊಯ್ಲಿಗೆ ಸಿಗ್ತ್ಯಾ?"