ಕ್ಯಾಪಿಟಲ್, ಸ್ಮಾಲ್ ಎರಡೂ ಒಂದೇ ಅಂದವರು

"ಈ ಭಾಷೆ ಮಾಡಿದವರಿಗೆ ಕ್ಯಾಪಿಟಲ್ಲು, ಸ್ಮಾಲು ಬೇರೆ ಬೇರೆ ಅಂತ ಗೊತ್ತಿರಲಿಲ್ವಾ ಸರ್?"

ಈ ವಾರ ಲ್ಯಾಬಿನಲ್ಲಿ ಹುಡುಗನೊಬ್ಬ ವಿಎಚ್‌ಡಿಎಲ್ ಬಗ್ಗೆ ಹೀಗೆ ಕೇಳಿದ. ಆ ಧಾಟಿ ಇನ್ನೂ ಕಿವಿಯಲ್ಲಿದೆ. ವಿಎಚ್‌ಡಿಎಲ್ ಅಂದರೆ ಚಿಪ್‌ನೊಳಗಿನ ಸರ್ಕ್ಯೂಟನ್ನು ಬರಹದಲ್ಲಿ ವಿವರಿಸುವ ಭಾಷೆ; ವೆರಿಲಾಗ್ ಅಂಥದೇ ಇನ್ನೊಂದು. ಹೆಸರುಗಳಲ್ಲಿ ಕ್ಯಾಪಿಟಲ್, ಸ್ಮಾಲ್ ಬೇರೆ ಬೇರೆ ಎಂದು ವೆರಿಲಾಗ್ ಓದುತ್ತದೆ, ಎರಡೂ ಒಂದೇ ಎಂದು ವಿಎಚ್‌ಡಿಎಲ್ ಓದುತ್ತದೆ. ಟಿಆರ್‌ಎಸ್-80 ಎಂಬ ಹಳೆಯ ಕಂಪ್ಯೂಟರನ್ನು ಎಫ್‌ಪಿಜಿಎ (ಬೇಕಾದ ಸರ್ಕ್ಯೂಟ್ ಆಗಿ ಹೊಂದಿಸಬಲ್ಲ ಚಿಪ್) ಮೇಲೆ ಮತ್ತೆ ಕಟ್ಟುವ ಕೆಲಸ ಅವನದು. ಅದರ ಝಡ್80 ಪ್ರೊಸೆಸರ್ ಮತ್ತು ಟೆಸ್ಟ್‌ಬೆಂಚ್ (ಪರೀಕ್ಷೆಗೆಂದು ಬರೆಯುವ ಕೋಡ್) ವಿಎಚ್‌ಡಿಎಲ್‌ನಲ್ಲಿ, ಉಳಿದದ್ದು ವೆರಿಲಾಗ್‌ನಲ್ಲಿ. ಒಂದು ವೆರಿಲಾಗ್ ಮಾಡ್ಯೂಲಿನಲ್ಲಿ, ಅಂದರೆ ಸರ್ಕ್ಯೂಟಿನ ಒಂದು ಘಟಕದಲ್ಲಿ, 'ಡೇಟಾ' ಹೆಸರಿನ ಎರಡು ಪೋರ್ಟ್ (ಸಂಕೇತ ಒಳಬರುವ, ಹೊರಹೋಗುವ ದ್ವಾರ): ಒಂದರ ಮೊದಲಕ್ಷರ ಕ್ಯಾಪಿಟಲ್, ಇನ್ನೊಂದರದು ಸ್ಮಾಲ್. ಅದನ್ನೇ ವಿಎಚ್‌ಡಿಎಲ್ ಕಡೆಯಿಂದ ಬಳಸಲು ಕಾಂಪೊನೆಂಟ್ ಆಗಿ ಬರೆದರೆ, ಒಂದೇ ಹೆಸರು ಎರಡು ಸಲ ಬಂದಿದೆ ಎಂದು ಕಂಪೈಲರ್ ನಿಲ್ಲುತ್ತದೆ.

ಹುಡುಗ ಚುರುಕು. ಆದರೆ ಹಿಂದಿನವರ ಬಗ್ಗೆ ಅವನಿಗೆ ತಾಳ್ಮೆ ಕಡಿಮೆ. ವಿಎಚ್‌ಡಿಎಲ್ ಹುಟ್ಟಿದ್ದು ಅಮೆರಿಕದ ರಕ್ಷಣಾ ಇಲಾಖೆಗಾಗಿ, ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆಯ 1076 ಮಾನದಂಡವಾಗಿದ್ದು 1987ರಲ್ಲಿ. ವ್ಯಾಕರಣದ ಬಹುಪಾಲು ಬಂದದ್ದು ಏಡಾ ಎಂಬ ಪ್ರೋಗ್ರಾಮಿಂಗ್ ಭಾಷೆಯಿಂದ. ಆ ತಲೆಮಾರಿನವರು ಬೆಳೆದ ಯಂತ್ರಗಳಾದರೂ ಎಂಥವು? ಅಕ್ಷರಗಳಿಗೆ ಸಂಖ್ಯೆ ಗೊತ್ತುಮಾಡುವ ಆಸ್ಕಿ ಪಟ್ಟಿಯ 1963ರ ಮೊದಲ ಆವೃತ್ತಿಯಲ್ಲಿ ಸ್ಮಾಲ್ ಅಕ್ಷರಗಳೇ ಇರಲಿಲ್ಲ. ಕಂಪ್ಯೂಟರಿಗೆ ಜೋಡಿಸುತ್ತಿದ್ದ ಟೈಪ್ ಯಂತ್ರ ಟೆಲಿಟೈಪ್ 33 ಹೊಡೆಯುತ್ತಿದ್ದುದು ಬರೀ ಕ್ಯಾಪಿಟಲ್. ಪಿಡಿಪಿ-11 ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಒತ್ತಾಗಿ ತುಂಬುವ ರ್ಯಾಡಿಕ್ಸ್-50 (ಅಷ್ಟಮಾನದ 50 ಅಂದರೆ 40) ಪದ್ಧತಿಯಲ್ಲಿ ಇದ್ದದ್ದು 40 ಚಿಹ್ನೆ ಮಾತ್ರ, ಯಾಕೆಂದರೆ 40ರ ಘನ 64,000. ಮೂರು ಅಕ್ಷರ 65,536 ಬೆಲೆಯಷ್ಟೇ ಹಿಡಿಸುವ 16 ಬಿಟ್‌ನಲ್ಲಿ ಹಿಡಿಯುತ್ತವೆ. ಇನ್ನೂ 26 ಅಕ್ಷರ ಸೇರಿಸಿದರೆ ಹಿಡಿಯುವುದಿಲ್ಲ. ಅವನು ಕಟ್ಟುತ್ತಿರುವ ಟಿಆರ್‌ಎಸ್-80 ಮಾಡೆಲ್ 1ರಲ್ಲೂ ಖರ್ಚು ಉಳಿಸಲು ವಿಡಿಯೊ ಮೆಮೊರಿಗೆ ಬಿಟ್‌ಗೊಂದರಂತೆ ಎಂಟರ ಬದಲು ಏಳೇ ಚಿಪ್ ಹಾಕಿದ್ದರು, ಹಾಗಾಗಿ ಸ್ಮಾಲ್ ಅಕ್ಷರ ಬರುತ್ತಿರಲಿಲ್ಲ. ಸ್ಮಾಲ್ ಅಕ್ಷರ ಬೇಕಾದವರು ಒಂದು ಚಿಪ್‌ನ ಬೆನ್ನ ಮೇಲೆ ಎಂಟನೆಯದನ್ನು ಕೂರಿಸಿ ಬೆಸುಗೆ ಹಾಕಿಕೊಳ್ಳುತ್ತಿದ್ದರು.

"ಗೊತ್ತಿರಲಿಲ್ವಾ" ಅಂದನಲ್ಲ, ಚೆನ್ನಾಗಿಯೇ ಗೊತ್ತಿತ್ತು. ಎರಡನ್ನೂ ಒಂದೇ ಎಂದು ಓದುವ ಭಾಷೆಯಲ್ಲಿ ಬರೆದ ಕಡತ, ಕ್ಯಾಪಿಟಲ್ ಮಾತ್ರ ಗೊತ್ತಿರುವ ಯಂತ್ರಕ್ಕೆ ಹೋಗಿ ಬಂದರೂ ಅರ್ಥ ಕೆಡುವುದಿಲ್ಲ. ದಶಕಗಟ್ಟಲೆ ಬಾಳಬೇಕಾದ ಸಲಕರಣೆಯ ದಾಖಲೆಗೆ ಇದು ದೊಡ್ಡ ಗುಣ.

ಇನ್ನು ಪರಿಹಾರ. 1993ರ ಆವೃತ್ತಿಯಿಂದ ವಿಎಚ್‌ಡಿಎಲ್‌ನಲ್ಲಿ ಹೆಸರಿನ ಎರಡೂ ಬದಿಗೆ ಬ್ಯಾಕ್‌ಸ್ಲ್ಯಾಶ್ ಇಟ್ಟರೆ ಕ್ಯಾಪಿಟಲ್-ಸ್ಮಾಲ್ ಭೇದ ಉಳಿಯುತ್ತದೆ. ವೆರಿಲಾಗ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಮುಂದೆ ಮಾತ್ರ, ಕೊನೆಗೆ ಒಂದು ಸ್ಪೇಸ್; ಆ ಸ್ಪೇಸ್ ಮರೆತರೆ ಪಕ್ಕದ ಆವರಣ ಚಿಹ್ನೆಯೂ ಹೆಸರಿಗೆ ಸೇರಿಬಿಡುತ್ತದೆ. ಆದರೆ ಭಾಷೆಗಳ ಗಡಿಯಲ್ಲಿ ಪೋರ್ಟಿನ ಹೆಸರು ಹೊಂದಿಸುವುದು ಟೂಲ್‌ನ ಕೆಲಸ, ಎಲ್ಲ ಟೂಲ್‌ಗಳ ನಡತೆಯೂ ಒಂದೇ ಅಲ್ಲ. ಅದಕ್ಕೇ ನಾನು ಹೇಳುವುದು ಬೇರೆ: ಆ ಮಾಡ್ಯೂಲಿನ ಸುತ್ತ ವೆರಿಲಾಗ್‌ನಲ್ಲೇ ತೆಳ್ಳನೆಯ ರ್ಯಾಪರ್ (ಹೊರಕವಚದಂಥ ಇನ್ನೊಂದು ಮಾಡ್ಯೂಲ್) ಬರೆದು, ಪೋರ್ಟ್‌ಗಳಿಗೆ ಡೇಟಾ-ಇನ್, ಡೇಟಾ-ಔಟ್ ಎಂಬಂಥ ಪ್ರತ್ಯೇಕ ಹೆಸರನ್ನು ಅಂಡರ್‌ಸ್ಕೋರ್ ಸಹಿತ ಸ್ಮಾಲ್ ಅಕ್ಷರದಲ್ಲೇ ಕೊಡಿ. ವಿಎಚ್‌ಡಿಎಲ್‌ಗೆ ರ್ಯಾಪರನ್ನು ಮಾತ್ರ ತೋರಿಸಿ.

ಎಲ್ಲವೂ ಒಂದೇ ಎನ್ನುವ ವಿಎಚ್‌ಡಿಎಲ್‌ನಲ್ಲೂ ಬ್ಯಾಕ್‌ಸ್ಲ್ಯಾಶ್ ಬಿಟ್ಟು ಇನ್ನೊಂದು ಅಪವಾದವಿದೆ. ಒಂದು ತಂತಿಯ ಸ್ಥಿತಿ ಹೇಳುವ ಸ್ಟ್ಯಾಂಡರ್ಡ್ ಲಾಜಿಕ್‌ನ ಒಂಬತ್ತು ಮೌಲ್ಯಗಳು ಅಕ್ಷರ ಲಿಟರಲ್‌ಗಳು, ಅಂದರೆ ಉದ್ಧರಣ ಚಿಹ್ನೆಯೊಳಗೆ ಬರೆಯುವ ಒಂದೊಂದು ಅಕ್ಷರ; ಅಲ್ಲಿ ಭೇದ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಒಂಟಿ ಉದ್ಧರಣ ಚಿಹ್ನೆಯೊಳಗೆ ಸ್ಮಾಲ್ ಝಡ್ ಬರೆದರೆ ಹೈ ಇಂಪಿಡೆನ್ಸ್ (ತಂತಿಯನ್ನು ಯಾವುದೂ ನಡೆಸದ ಸ್ಥಿತಿ) ಸಿಗುವುದಿಲ್ಲ, ದೋಷ ಸಿಗುತ್ತದೆ. ವೆರಿಲಾಗ್‌ನಲ್ಲಿ ಸಂಖ್ಯೆಯೊಳಗಿನ ಝಡ್ ಯಾವುದಾದರೂ ನಡೆಯುವುದರಿಂದ, ಅಲ್ಲಿಂದ ಬಂದವರು ಎಡವುವುದು ಇಲ್ಲೇ.

ಫೈಲ್ ಹೆಸರಿನದು ಮತ್ತೊಂದು ಪಾಡು. ವೆರಿಲಾಗ್ ಟೂಲ್‌ಗಳು ಲೈಬ್ರರಿ ಫೋಲ್ಡರ್‌ನಲ್ಲಿ ಮಾಡ್ಯೂಲನ್ನು ಹುಡುಕುವುದು ಅದರ ಹೆಸರಿನದೇ ಫೈಲ್ ನೋಡಿಕೊಂಡು. ಮಾಡ್ಯೂಲ್ ಕ್ಯಾಪಿಟಲ್, ಫೈಲ್ ಸ್ಮಾಲ್ ಆಗಿದ್ದರೆ ಆ ಭೇದ ನೋಡದ ವಿಂಡೋಸ್‌ನಲ್ಲಿ ನಡೆದ ಕೆಲಸ, ಅದನ್ನು ನೋಡುವ ಲಿನಕ್ಸ್‌ನಲ್ಲಿ ನಿಲ್ಲುತ್ತದೆ. ಕ್ಯಾಪಿಟಲ್-ಸ್ಮಾಲ್ ಮಾತ್ರ ಬೇರೆಯಿರುವ ಎರಡು ಫೈಲ್ ಒಂದೇ ಫೋಲ್ಡರ್‌ನಲ್ಲಿದ್ದರಂತೂ ವಿಂಡೋಸ್‌ನಲ್ಲಿ ಗಿಟ್ ಎಂಬ ಕೋಡ್ ಸಂಗ್ರಹದಿಂದ ಚೆಕ್‌ಔಟ್ ಮಾಡಿದಾಗ (ಫೈಲ್‌ಗಳನ್ನು ಫೋಲ್ಡರ್‌ಗೆ ತಂದಾಗ) ಒಂದೇ ಉಳಿಯುತ್ತದೆ.

ಆ ಪೋರ್ಟ್‌ಗಳಿಗೆ ಹಾಗೆ ಹೆಸರಿಟ್ಟವನ ಮೇಲೆ ನನಗೆ ನಿಜವಾಗಿ ಬೇಸರವಿದೆ. ಭಾಷೆ ಅವಕಾಶ ಕೊಟ್ಟಿತು ಸರಿ, ಆದರೆ ಫೋನಿನಲ್ಲಿ ಒಬ್ಬರಿಗೊಬ್ಬರು ಓದಿ ಹೇಳಲಾಗದ ಹೆಸರನ್ನು ಯಾರಿಗಾಗಿ ಇಟ್ಟ? ಹುಡುಗನ ಪ್ರಶ್ನೆ ಹೋಗಬೇಕಾದದ್ದು ಅವನ ಬಳಿಗೆ.